ಒಂದು ಸೇರು ಜೋಳ

ವಾಸುದೇವ ಸಕ್ರವ್ವನ ಬುಟ್ಟಿಯನ್ನು ಎತ್ತಿ ಗಿರಣಿಯ ಸಾಲಿನಿಂದ ಹೊರಗಿಟ್ಟ. ಇಟ್ಟ ಅನ್ನುವುದಕ್ಕಿಂತ ಒಗೆದ ಅನ್ನಬೇಕು. ಒಂದು ಹಿಡಿ ಜೋಳ ನೆಲಕ್ಕೆ ಚೆಲ್ಲಿತು.

“ನಿನ್ನೆನೂ ಹೇಳೇನಿ. ಪಾಯಲಿ, ಅಂದ್ರ ನಾಕು ಸೇರಿಗಿಂತ ಕಡಿಮಿ ಇದ್ರ ಬೀಸೂದಿಲ್ಲ. ಹಲಗಿ ಬರಸಿ ಹಚ್ಚೇನಿ, ಕಾಣೂದಿಲ್ಲೇನು?”

ಸಕ್ರವ್ವ ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಕಾಳು ಆಯತೊಡಗಿದಳು. ಅಕ್ಷರ ಬಾರದವಳಿಗೆ ಹಲಗೆ ತೋರಿಸಿ ಏನು ಬಂತು? ಸಿಟ್ಟಿಗೆದ್ದವನಿಗೆ ಇಂಥವೆಲ್ಲ ಹೊಳೆಯುವುದಿಲ್ಲ.

ಅವನ ಸಿಟ್ಟಿಗೂ ಕಾರಣವಿತ್ತು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ವರ್ಷ ನರೇಗಲ್ಲಿನಲ್ಲಿ ಎಣ್ಣೆ ಎಂಜಿನ್ನಿನ ಹಿಟ್ಟಿನ ಗಿರಣಿ ಹಾಕಿದವನು ಅವನು. ಮೊದಲು ಊರವರಷ್ಟೇ ಬರುತ್ತಿದ್ದರು. ಈಗ ಸುತ್ತಲ ಹಳ್ಳಿಗಳ ಚಕ್ಕಡಿಗಳು ಬಾಗಿಲಲ್ಲಿ ಸಾಲುಗಟ್ಟುತ್ತಿದ್ದವು. ಖಾರಪುಡಿಗೆ ಬೇರೆ ಕಲ್ಲು ಕೂರಿಸಿದ್ದ. ಗಜೇಂದ್ರಗಡದಲ್ಲಿ ಎರಡನೇ ಗಿರಣಿಯ ಮಾತು ನಡೆದಿತ್ತು. ಹೋದ ಯುಗಾದಿಗೆ ದೊಡ್ಡ ಮನೆ ಕೊಂಡು, ದನ ಕಟ್ಟಿ, ಅದರ ಉಸ್ತುವಾರಿಯನ್ನೆಲ್ಲ ತಾಯಿಗೆ ಒಪ್ಪಿಸಿ ತಾನು ಗಿರಣಿಗೆ ಅಂಟಿಕೊಂಡಿದ್ದ. ನಸುಕಿನಲ್ಲಿ ಬಂದರೆ ಮನೆಗೆ ಹೋಗುವುದು ಊರು ಮಲಗುವ ಹೊತ್ತಿಗೆ. ಊಟವೂ ಇಲ್ಲಿಗೇ ಬರುತ್ತಿತ್ತು. ಹೊತ್ತು ಉಳಿಸಬೇಕೆಂದು, ಬಂದವರ ಮುಖ ನೋಡುವುದನ್ನೇ ಬಿಟ್ಟಿದ್ದ. ಅವರ ಕೈಯ ಕಾಳಿನ ಡಬ್ಬಿ ನೋಡುತ್ತಿದ್ದ, ಅಷ್ಟೆ.

ಅಂಥಲ್ಲಿ ಈ ಹೆಂಗಸು ದಿನಾ ಸಂಜೆ ಒಂದೇ ಸೇರು ಜೋಳ ಹಿಡಿದು ಬರುತ್ತಿದ್ದಳು. ಅವಳೊಬ್ಬಳಿಗಾಗಿ ಗೋದಿ ಬೀಸುವ ಕಲ್ಲನ್ನು ಬರಿದು ಮಾಡಬೇಕು. ಎಂಜಿನ್ ಸುಮ್ಮನೆ ಓಡಬೇಕು, ಎಣ್ಣೆ ಸುಡಬೇಕು. ತಮ್ಮ ಹಿಟ್ಟಿಗೆ ಇವಳ ಜೋಳ ಬೆರೆಯಿತೆಂದು ಬೇರೆಯವರು ಜಗಳ ತೆಗೆಯುತ್ತಿದ್ದರು. ಮೊನ್ನೆಯಂತೂ ಜಕ್ಕಲಿಯ ಚಕ್ಕಡಿಯವನು ಕಾದು ಬೇಸತ್ತು, ಬಾಯಿಗೆ ಬಂದಂತೆ ಬೈದು, ಚೀಲಗಳನ್ನು ಹೇರಿಕೊಂಡು ಹೊರಟೇ ಹೋದ. ಆ ಹಲಗೆ ಬಂದದ್ದು ಅಂದೇ.

“ವಾರದ್ದು ಕೂಡಿಸಿ ಒಮ್ಮೆಲೇ ತರಲಿಕ್ಕೆ ಏನು ಧಾಡಿ ನಿನಗ?”

“ಕೂಡಿದ್ರ ತರಂಗಿಲ್ಲೇನ್ರಿ? ದಿನಾ ದುಡದದ್ದು ದಿನಾ ಅಳದು ಕೊಡತಾರ್ರಿ. ಅದನ್ನ ಬೀಸಿಸಿದ್ರ ನಮ್ಮ ಮನ್ಯಾಗ ರೊಟ್ಟಿ.”

“ಮನ್ಯಾಗ ಬೀಸ್ಕೋ ಹೋಗು.”

“ಬೀಸೂ ಕಲ್ಲ ಒಡದೈತ್ರಿ. ನಿನ್ನೆ ನೀವು ಹೊಳ್ಳಿ ಕಳಿಸಿದ್ರಿ. ಹುಡುಗ್ರು ಬರೇ ಜ್ವಾಳಾ ಕುದಿಸ್ಕೊಂಡು ತಿಂದು ಹೊಟ್ಟಿ ಹಿಡ್ಕೊಂಡು ಮಲಗ್ಯಾವ್ರಿ. ಇವತ್ತೂ ಅದನ ಹಾಕ್ಲೇನ್ರಿ?”

ಸಾಲಿನಲ್ಲಿದ್ದ ಹೆಂಗಸರು ತಲೆ ತಗ್ಗಿಸಿದರು. ಎಂಜಿನ್ ನೋಡಿಕೊಳ್ಳುವ ಬಾಷಾಸಾಬ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

“ರಾಯರ, ಅಕಿ ದುಡಿಯೂದು...”

“ನಿನ್ನ ಕೆಲಸಾ ನೋಡು. ಮಾತಿಗೆ ವ್ಯಾಳ್ಯಾ ಇಲ್ಲ.”

ಬಾಷಾಸಾಬ ಎಂಜಿನ್ನಿನ ಕಡೆ ಮರಳಿ ಹೋದ.

ವಾಸುದೇವನ ಸಿಟ್ಟು ಈಗ ಬೇರೆ ಕಡೆ ತಿರುಗಿತು. ಇವಳದೇನು ತಪ್ಪು? ಊರಲ್ಲಿ ಯಾವನೋ ಒಬ್ಬ ಜಿಪುಣ ಹಿಡಿ ಹಿಡಿ ಅಳೆದು ಕೊಡುತ್ತಾನೆ. ಅವನ ಸಣ್ಣತನಕ್ಕೆ ದಂಡ ತೆರುವುದು ತನ್ನ ಗಿರಣಿ. ನೆನೆದಷ್ಟೂ ಮೈ ಉರಿಯಿತು.

“ಕೂಲಿಯವರ ಕಾಳು ಹಿಂಗ ಹಿಡದಿಟ್ಟು ಕೊಡಾಂವ ಎಂಥಾ ಹೀನ ಮನಶ್ಯಾ! ವಾರದ್ದು ಒಮ್ಮೆಲೇ ಕೊಡ್ರಿ ಅಂತ ನೀ ಕೇಳಿಲ್ಲೇನು?”

“ಕೇಳೇನ್ರಿ. ಕೊಡಂಗಿಲ್ರಿ.”

“ಯಾಂವ ಅಂವ?”

“ಹೆಸರ ಹೇಳಿದ್ರ ಇದ್ದ ಕೆಲಸಾನೂ ಹೋಗತೈತ್ರಿ ರಾಯರ.”

“ಹೆಸರು ಬ್ಯಾಡ. ಮನಿ ತೋರಸು. ಮಾರಿ ಮ್ಯಾಲ ಛೀ ಅಂದು ಬರತೇನಿ.”

ಸಕ್ರವ್ವ ತಲೆ ಎತ್ತಿ ಅವನ ಮುಖವನ್ನು ನೆಟ್ಟಗೆ ನೋಡಿದಳು. ಅವಳ ಕಣ್ಣಲ್ಲೂ ಸಿಟ್ಟಿತ್ತು, ಅವನದಕ್ಕಿಂತ ಹಳೆಯದು.

“ನೀವು ಹೇಳಿದ್ರ ಕೇಳಬೇಕ್ರಿ. ಬರ್ರಿ.”

ಗಿರಣಿ ಓಡುವಾಗ ವಾಸುದೇವ ಕಟ್ಟೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಇವತ್ತು ಇಳಿದ. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅವಳು ಮುಂದೆ, ಧೋತರದ ಚುಂಗು ಹಿಡಿದು ಅವನು ಹಿಂದೆ.

“ಏನು ಕೆಲಸಾ ಮಾಡಸ್ತಾನ?”

“ಸೆಗಣಿ ಬಳೀತೀನ್ರಿ, ಕುಳ್ಳು ತಟ್ಟತೀನ್ರಿ, ದನಕ್ಕ ನೀರು ಸೇದಿ ಹಾಕತೀನ್ರಿ. ಹೊತ್ತು ಹುಟ್ಟಿದಾಗಿಂದ ಮುಳುಗೂತನಾ.”

“ಅಷ್ಟಕ್ಕ ಒಂದು ಸೇರು!”

ಖರೇ ಹೇಳಬೇಕೆಂದರೆ ಅವನಿಗೆ ಅವಳ ಮೇಲೆ ಮರುಕ ಹುಟ್ಟಿತು. ಆ ಪುಣ್ಯಾತ್ಮನಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡ. ನಿನಗೆ ಹೆಂಡರು ಮಕ್ಕಳಿಲ್ಲವೇ ಅನ್ನಬೇಕು. ನಿನ್ನ ಮನೆಯಲ್ಲೂ ಒಂದು ದಿನ ರೊಟ್ಟಿ ಇಲ್ಲದೆ ಮಲಗಿ ನೋಡು ಅನ್ನಬೇಕು. ಅಕ್ಕಪಕ್ಕದ ನಾಲ್ಕು ಜನ ಹೊರಗೆ ಬಂದು ಕೇಳುವ ಹಾಗೆ ಅನ್ನಬೇಕು.

ಸಕ್ರವ್ವ ಒಂದು ಸಂದಿಗೆ ಹೊರಳಿದಳು. ಮನೆಗಳ ಬೆನ್ನಿಗೆ ಹತ್ತಿದ, ಕೂಲಿಯವರು ಓಡಾಡುವ ದಾರಿ. ಅಲ್ಲಿ ಅವನೆಂದೂ ಕಾಲಿಟ್ಟವನಲ್ಲ. ಮಬ್ಬುಗತ್ತಲಾಗಿತ್ತು. ಎತ್ತರದ ಮಣ್ಣಿನ ಗೋಡೆ, ಅದಕ್ಕೆ ಒರಗಿಸಿ ಒಟ್ಟಿದ ಕುಳ್ಳು, ಪಕ್ಕದಲ್ಲೊಂದು ಗಿಡ್ಡ ಬಾಗಿಲು.

“ಇದ ರೀ,” ಎಂದು ಅವಳು ಪಕ್ಕಕ್ಕೆ ಸರಿದು ನಿಂತಳು.

ವಾಸುದೇವ ಮುಷ್ಟಿಯಿಂದ ದಬದಬ ಬಡಿದ. ಒಳಗಿನಿಂದ ಮುದುಕಿಯೊಬ್ಬಳ ದನಿ ಬಂತು.

“ಯಾರು, ಸಕ್ರವ್ವ ಏನು? ಮತ್ಯಾಕ ಬಂದಿ? ಇವತ್ತಿಂದು ಅಳದು ಕೊಟ್ಟೇನಲ್ಲ! ವಾರದ್ದು ಒಮ್ಮೆಲೇ ಕೊಟ್ರ ಮರುದಿನಾ ಕೆಲಸಕ್ಕ ಬರೂದಿಲ್ಲ, ಕೊಡಬ್ಯಾಡ ಅಂತ ನನ್ನ ಮಗಾ ತಾಕೀತು ಮಾಡ್ಯಾನ. ಎಷ್ಟು ಸಲ ಹೇಳಬೇಕು?”

ಎತ್ತಿದ ಮುಷ್ಟಿ ಎತ್ತಿದಂತೆಯೇ ನಿಂತಿತು.

ಅಗುಳಿ ಸರಿಯಿತು. ಮುದುಕಿ ಕಂದೀಲು ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ ಬೆರಗಾದಳು: “ಅಯ್ಯ ವಾಸು, ನೀ ಯಾಕೋ ಹಿತ್ತಲ ಕಡಿಂದ ಬಂದಿ?”