ಕಸ್ತೂರಿಯ ಹೆಸರಿನಲ್ಲಿ

ಮದುವೆಯಾಗಿ ಎಷ್ಟೋ ವರ್ಷವಾದರೂ ಬಸಿರಾಗದ ಕಸ್ತೂರಿ ಕೊನೆಗೆ ಗಂಡ ವೀರಭದ್ರನನ್ನು ಹೊರಡಿಸಿಕೊಂಡು ಆಸ್ಪತ್ರೆಗೆ ಬಂದು, ಕೌಂಟರಿನಲ್ಲಿ ತನ್ನ ಆರೋಗ್ಯ ಕಾರ್ಡು ಕೊಟ್ಟಳು. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ ಕೇಳಿದಳು:

“ಇದು ಎರಡನೇ ಬಾಣಂತನ ಏನ್ರಿ?”

“ನನಗ ಮಕ್ಕಳ ಇಲ್ರಿ.”

“ಹೋದ ವರ್ಷ ಇದ ಕಾರ್ಡಿನ ಮ್ಯಾಲ ಹೆರಿಗಿ ಆಗೇತಲ್ರಿ? ಗಂಡು ಕೂಸು.”

ಕಸ್ತೂರಿ ಕಾರ್ಡು ಬಳಸಲು ಫೋನಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಿದವಳಲ್ಲ. ಕಾರ್ಡನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿಯುತ್ತಿದ್ದವಳು. ಆದರೂ ಊರೆಲ್ಲ ಬಂಜೆ ಎಂದು ಕರೆದ ಅವಳ ಹೆಸರಿನಲ್ಲೇ ಯಾವಳೋ ಒಬ್ಬಳು ಹೆತ್ತು ಹೋಗಿದ್ದಳು.

“ನನ್ನ ಹೆಸರು ಕದ್ದಾರ! ನಡೀರಿ, ಪೊಲೀಸ್ ಠಾಣೆಗೆ ಹೋಗೂಣು,” ಎಂದು ಅವಳು ಗಂಡನ ತೋಳು ಹಿಡಿದೆಳೆದಳು.

ವೀರಭದ್ರ ನಿಂತಲ್ಲಿಂದ ಕದಲಲಿಲ್ಲ.

“ಅಕಿನ್ನ ಜೇಲಿಗೆ ಹಾಕಸಬೇಕ್ರಿ. ಯಾಕ ಸುಮ್ಮನ ನಿಂತೀರಿ?”

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದ್ದರು. ಅವನು ತೋಳು ಕೊಡವಿಕೊಂಡ.

“ಅಕಿನ್ನ ಜೇಲಿಗೆ ಹಾಕಿಸಿದ್ರ ನನ್ನ ಮಗಗ ಹಾಲು ಯಾರು ಕುಡಸ್ತಾರ? ನೀ ಕುಡಸ್ತೀಯೇನು?”