ಮದುಮಗಳ ಬೆಂಕಿಕಡ್ಡಿ

ಮದುಮಗಳು ರುಯಿಲಾನ್ ಕಡ್ಡಿ ಗೀರಿ, ಸೋದರಮಾವ ಪೆಂಗ್‌ನ ತುಟಿಯಲ್ಲಿದ್ದ ಸಿಗರೇಟಿನ ಬಳಿ ಹಿಡಿದಳು. ಮದುಮಗಳು ಹಚ್ಚಬೇಕು, ನೆಂಟರು ಊದಿ ಆರಿಸಬೇಕು. ಈ ಆಟವಿಲ್ಲದೆ ಚೀನಾದ ಹುನಾನಿನಲ್ಲಿ ಮದುವೆಯೂಟಕ್ಕೆ ಕಳೆಯಿಲ್ಲ. ಗೋಡೆಯ ಮೇಲಿನ ‘ಧೂಮಪಾನ ನಿಷೇಧ’ದ ಫಲಕವನ್ನು ಹೋಟೆಲಿನವರೇ ಕೆಂಪು ಕಾಗದದ ಹೂವಿನಿಂದ ಮರ್ಯಾದೆಯಾಗಿ ಮುಚ್ಚಿದ್ದರು.

“ಹುಷಾರು ಕಣಮ್ಮಾ! ನಿಮ್ಮಕ್ಕನ ಮದುವೇಲಿ ಇಡೀ ಬೆಂಕಿಪೊಟ್ಟಣ ಖಾಲಿ ಮಾಡಿಸಿದ ಆಸಾಮಿ ಇವನು,” ಎಂದ ಪಕ್ಕದ ಮನೆಯ ತಾನ್. “ಏನಯ್ಯಾ ಪೆಂಗ್, ಬೆಳಗಿಂದ ಬಾಯೇ ಬಿಟ್ಟಿಲ್ಲ? ಉಸಿರಾದ್ರೂ ಇದೆಯೋ ಇಲ್ವೋ?” ನೆಗಡಿಯಾಗಿ ದನಿ ಕಟ್ಟಿದೆ ಎಂದು ಪೆಂಗ್‌ನ ಹೆಂಡತಿ ಆಗಲೇ ಎಲ್ಲರಿಗೂ ಹೇಳಿಟ್ಟಿದ್ದಳು, ಮಾವನ ಕೊರಳಿಗೆ ಸುತ್ತಿದ್ದ ರೇಷ್ಮೆವಸ್ತ್ರವೂ ಅದಕ್ಕೇ ಅಂತೆ.

ಮಾವ ನಕ್ಕು, ಸಿಗರೇಟನ್ನು ತುಟಿಯ ಮೂಲೆಗೆ ಸರಿಸಿ, ಹಳೆಯ ಹುಮ್ಮಸ್ಸಿನಲ್ಲಿ ಎದೆ ತುಂಬ ಉಸಿರೆಳೆದು ಊದಿದ. ಕಡ್ಡಿಯ ಉರಿ ಅಲುಗಲಿಲ್ಲ. ಕೊರಳಿನ ವಸ್ತ್ರ ಪಟಪಟನೆ ಹಾರಿತು. ಅದರಡಿಯಲ್ಲಿ, ಗಂಟಲಿನ ನಡುವೆ, ನಾಣ್ಯದಗಲದ ತೂತು. ಎದುರಿಗೆ ಬಾಗಿದ್ದ ರುಯಿಲಾನಳಿಗೆ ಮಾತ್ರ ಅದು ಕಂಡಿತು. ಸಿಗರೇಟು ತಿಂದ ಧ್ವನಿಪೆಟ್ಟಿಗೆಯನ್ನು ವೈದ್ಯರು ಕತ್ತರಿಸಿ ತೆಗೆದಿದ್ದರು. ಮದುವೆ ಮುಗಿಯಲಿ ಎಂದು ಗಂಡಹೆಂಡಿರು ಬಚ್ಚಿಟ್ಟಿದ್ದರು.

“ಆರಲಿಲ್ಲ! ಮಾವ ಸೋತ! ಹಚ್ಚಮ್ಮಾ, ಹಚ್ಚು!” ಎಂದು ಮೇಜಿನವರೆಲ್ಲ ಕೇಕೆ ಹಾಕಿದರು. ದನಿಯೇ ಇಲ್ಲದ ಮಾವ, ಸುಮ್ಮನಿರು ಎಂದು ಅವಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಆಮೇಲೆ ನೆಂಟರ ಮಾತಿಗೆ ಕಟ್ಟುಬಿದ್ದವನಂತೆ ಸಿಗರೇಟನ್ನು ಮುಂದೆ ಚಾಚಿದ. ಉರಿ ಅವಳ ಬೆರಳಿನವರೆಗೂ ಬಂದಿತ್ತು. ರುಯಿಲಾನ್ ಅವನ ಪರವಾಗಿ ತಾನೇ ಊದಿದಳು.