ಸದ್ದಿಲ್ಲದ ಗಲಾಟೆ

"ಮೇಷ್ಟ್ರೇ, ಈ ಗಲಾಟೆಯಲ್ಲಿ ಲೆಕ್ಕ ಮಾಡಕ್ಕೇ ಆಗ್ತಿಲ್ಲವಂತೆ," ಎಂದಳು ಲೊರೆದಾನಾ.

ಎವರಿಸ್ತೊ ಮೇಷ್ಟ್ರು ದಿನಪತ್ರಿಕೆಯಿಂದ ತಲೆಯೆತ್ತಿ ಕನ್ನಡಕದ ಮೇಲಿಂದ ನೋಡಿದರು. ಗಣಿತದ ಪರೀಕ್ಷೆ ನಡೆಯುತ್ತಿತ್ತು. ಚರ್ಚಿನಲ್ಲಾದರೂ ಮುದುಕಿಯರು ಕೆಮ್ಮುತ್ತಾರೆ, ಇಲ್ಲಿ ಅದೂ ಇಲ್ಲ. ಗೋಡೆಯ ಹೀಟರ್ ಗುಳುಗುಳು ಎನ್ನುವುದು ಬಿಟ್ಟರೆ ಸೊಲ್ಲೇ ಇಲ್ಲ. ಇಂಥ ಪುಂಡರನ್ನು ಎಂಥ ಶಿಸ್ತಿಗೆ ತಂದೆನಲ್ಲ ಎಂದು ಅವರು ಒಳಗೊಳಗೇ ಬೀಗುತ್ತಿದ್ದ ಹೊತ್ತು ಅದು.

"ಯಾರಿಗಂತೆ ಗಲಾಟೆ?"

"ನೀವೆಸ್‌ಗೆ."

ಕಿಟಕಿ ಪಕ್ಕದ ಕೊನೆಯ ಬೆಂಚಿನಲ್ಲಿ ನೀವೆಸ್ ಮುಖ ಸಿಂಡರಿಸಿಕೊಂಡು ಕೂತಿದ್ದಳು. ಆ ಹುಡುಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಪಾಠವನ್ನು ಅವಳಿಗೆ ಸಂಜ್ಞೆ ಭಾಷೆಯಲ್ಲಿ ಹೇಳಲು, ಅವಳ ಸಂಜ್ಞೆಯನ್ನು ಉಳಿದವರಿಗೆ ಬಾಯಲ್ಲಿ ಹೇಳಲು ಲೊರೆದಾನಾಳನ್ನು ಶಾಲೆಗೆ ನೇಮಿಸಿದ್ದರು.

"ತಮಾಷೆ ಮಾಡ್ತಿದೀಯೇನಮ್ಮಾ? ನನಗೇ ಕೇಳಿಸದ ಗಲಾಟೆ ಅವಳಿಗೆ ಹೇಗೆ ಕೇಳಿಸ್ತು?"

ನೀವೆಸ್ ಕೈ ಚಾಚಿ ಇಡೀ ತರಗತಿಯನ್ನು ತೋರಿಸಿದಳು. ಮೇಷ್ಟ್ರು ಸರಕ್ಕನೆ ತಿರುಗಿದರು.

ಗಾಳಿಯ ತುಂಬ ಕೈಗಳು. ಒರೆಸ್ತೆ ಎಂಬ ತಂಟೆಕೋರ ಬೆರಳು ಮಡಿಸಿ ಬಿಡಿಸಿ ಆಚೆ ತುದಿಯ ಜೆಮ್ಮಾಳನ್ನು ಏನೋ ಕೇಳುತ್ತಿದ್ದ. ಅವಳು ಉತ್ತರ ಕೊಡುತ್ತಿದ್ದಳು. ನಡುವಿನವರು ಆ ಉತ್ತರ ತಪ್ಪೆಂದು ಎರಡೂ ಕೈಯಲ್ಲಿ ಜಗಳ ಕಾಯುತ್ತಿದ್ದರು. ಮೇಷ್ಟ್ರ ಕಣ್ಣು ಬಿದ್ದದ್ದೇ ತಡ, ಒಬ್ಬ ಇಲ್ಲದ ನೊಣ ಓಡಿಸಿದ, ಒಬ್ಬಳು ತಲೆ ಕೆರೆದುಕೊಂಡಳು, ಒರೆಸ್ತೆ ಬೇರೇನೂ ತೋಚದೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ನೀವೆಸ್ ಒಂಟಿಯಾಗಬಾರದೆಂದು ಲೊರೆದಾನಾ ಬಿಡುವಿನ ವೇಳೆಯಲ್ಲಿ ಎಲ್ಲ ಮಕ್ಕಳಿಗೂ ಸಂಜ್ಞೆ ಕಲಿಸಿದ್ದಳು. ಆ ಹೊತ್ತಿನಲ್ಲಿ ಕಾಫಿಗೆ ಹೋಗುತ್ತಿದ್ದ ಎವರಿಸ್ತೊ ಮೇಷ್ಟ್ರೊಬ್ಬರು ಮಾತ್ರ ಕಲಿತಿರಲಿಲ್ಲ.

"ಮಾದೊನ್ನಾ, ದೇವಮಾತೆಯೇ! ನನ್ನ ಮೂಗಿನ ಕೆಳಗೇ ಸಂತೆ ನಡೆಸ್ತಿದೀರಲ್ರೋ! ಇವತ್ತಿಂದ ಈ ಕೈಮಾತು ಬಂದ್! ಈಗಲೇ ಹೋಗಿ ಹೆಡ್‌ಮೇಡಂಗೆ ಹೇಳ್ತೀನಿ!"

ಲೊರೆದಾನಾಳ ಕೈ ಮೇಲೇಳಲಿಲ್ಲ. ಏನಂದರು, ಏನಂದರು ಎಂದು ನೀವೆಸ್ ಅವಳ ತೋಳು ಅಲುಗಿಸಿದಳು. ಕೊನೆಗೆ ಹೇಳಲೇಬೇಕಾಯಿತು. ಹುಡುಗಿಯ ಮುಖ ಇಳಿದುಹೋಯಿತು. ಒರೆಸ್ತೆ ಕೂಡ ತಲೆ ತಗ್ಗಿಸಿದ. ಇವರೆಲ್ಲ ಸಂಜ್ಞೆ ಕಲಿಯುವ ಮೊದಲು ಅವಳು ಬಿಡುವಿನಲ್ಲಿ ಒಬ್ಬಳೇ ಮೊಗಸಾಲೆಯ ಗೋಡೆಗೊರಗಿ ಫೊಕಾಚಾ ರೊಟ್ಟಿ ತಿನ್ನುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು, ಕಾಫಿ ಯಂತ್ರ ಅಲ್ಲೇ ಇದ್ದುದರಿಂದ.

ನೀವೆಸ್ ಎದ್ದು ಬಂದು ಬೋರ್ಡಿನ ಮುಂದೆ ನಿಂತಳು. ಅವಳ ಕೈ ಆಡಿದಂತೆ ಲೊರೆದಾನಾ ಹೇಳುತ್ತಾ ಹೋದಳು: "ಕೈಮಾತು ಬಂದ್ ಮಾಡಿ, ಪರವಾಗಿಲ್ಲ. ಬಾಯಿಮಾತೂ ಬಂದ್ ಮಾಡಿ. ಸಮೀಕರಣದಲ್ಲಿ ಒಂದು ಕಡೆ ತೆಗೆದದ್ದನ್ನ ಇನ್ನೊಂದು ಕಡೆಯೂ ತೆಗೀಬೇಕು ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಜೀವಮಾನವೆಲ್ಲ ಅದನ್ನೇ ಹೇಳಿ ಹೊಟ್ಟೆ ಹೊರೆದುಕೊಂಡ ಮನುಷ್ಯ, ಈಗ ಅಲ್ಲವೆನ್ನುವುದು ಹೇಗೆ?

"ಸರಿ ಕಣಮ್ಮಾ, ಕಾಪಿ ಹೊಡೆಯೋರನ್ನ ನಾನು ಹಿಡಿಯೋದು ಹೇಗೆ ಮತ್ತೆ?"

"ನೀವೂ ಕಲೀರಿ," ಎಂದಳು ಲೊರೆದಾನಾ.

"ಇದು ಅವಳು ಹೇಳಿದ್ದೋ, ನೀನೋ?"

"ಇಬ್ಬರೂ."

ಹಾಗೆ ಬಿಡುವಿನ ಕಾಫಿ ನಿಂತಿತು. ನೀವೆಸ್ ಗುರು, ಎವರಿಸ್ತೊ ಶಿಷ್ಯ. ಅವರದೋ ಸಾಸೇಜಿನಂಥ ಬೆರಳು. ಒಂದನ್ನು ಮಡಿಸೆಂದರೆ ಐದೂ ಮಡಿಯುತ್ತವೆ, ಒಂದನ್ನು ಎತ್ತೆಂದರೆ ಮೂರು ಏಳುತ್ತವೆ. ಗುರು ಮಹಾ ಕಟ್ಟುನಿಟ್ಟು. ತಪ್ಪಿದರೆ ಅವರ ಹೆಬ್ಬೆರಳನ್ನು ಹಿಡಿದು ನಲ್ಲಿ ತಿರುಗಿಸಿದಂತೆ ತಿರುಗಿಸುತ್ತಿದ್ದಳು. ಮನೆಯಲ್ಲಿ ಊಟದ ನಡುವೆ ಅಭ್ಯಾಸ ಮಾಡಲು ಹೋಗಿ, ಹೆಂಡತಿಯ ಮಡಿಲಿಗೆ ಪಾಸ್ತಾ ಸುರಿದು ಬೈಸಿಕೊಂಡರು.

ಮುಂದಿನ ಪರೀಕ್ಷೆ ಬಂತು. ಮೇಷ್ಟ್ರು ದಿನಪತ್ರಿಕೆ ಓದುವವರಂತೆ ನಟಿಸುತ್ತಾ ಕೂತರು. ಒರೆಸ್ತೆಯ ಬೆರಳಾಡಿತು: "ನಾಲ್ಕನೇದು ಎಷ್ಟೇ?" ಜೆಮ್ಮಾಳ ಬೆರಳಾಡಿತು: "ಹನ್ನೆರಡು ಕಣೋ." ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಅರ್ಥವಾಯಿತು! ಪತ್ರಿಕೆ ಎಸೆದು ಎದ್ದವರೇ, ಕೆಂಪು ಮುಖ ಮಾಡಿಕೊಂಡು, ಎರಡೂ ಕೈ ಬೀಸಿ ಮಕ್ಕಳದೇ ಭಾಷೆಯಲ್ಲಿ ಗುಡುಗಿದರು: "ನಿಮ್ಮ ಆಟವೆಲ್ಲ ನನಗೆ ಕಾಣಿಸ್ತಿದೆ! ಅಂಗಡಿ ಮುಚ್ಚಿ!"

ಅವರು ಹೇಳಹೊರಟದ್ದು ಅದು. ಬೆರಳುಗಳು ಹೇಳಿದ್ದು: "ನೀವೆಲ್ಲ ನನಗೆ ಹಸುವಾಗಿ ಕಾಣಿಸ್ತಿದೀರಿ! ಚೀಸ್ ಮುಚ್ಚಿಡಿ!"

ತರಗತಿ ಸೂರು ಕಿತ್ತುಹೋಗುವಂತೆ ನಕ್ಕಿತು, ಈ ಸಲ ಬಾಯಿಂದಲೇ. ಒರೆಸ್ತೆ ಬೆಂಚಿನಿಂದ ಉರುಳಿ ಬಿದ್ದು "ಅಂಬಾ" ಎಂದ. ಲೊರೆದಾನಾ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ನಗದವಳು ನೀವೆಸ್ ಒಬ್ಬಳೇ. ಅವಳು ಎದ್ದು ಬಂದು ಮೇಷ್ಟ್ರ ಹೆಬ್ಬೆರಳನ್ನು ನೆಟ್ಟಗೆ ಮಾಡಿ, ಅವರ ಮುಖ ನೋಡುತ್ತಾ, ಒಂದೊಂದೇ ಪದ ಬಿಡಿಸಿ ಏನೋ ಹೇಳಿದಳು.

ಲೊರೆದಾನಾ ಕರವಸ್ತ್ರ ತೆಗೆದು ಅದನ್ನು ಹೇಳಲು ಬಾಯಿ ತೆರೆದಳು.

"ಇರಮ್ಮಾ, ಇದನ್ನ ನಾನೇ ಓದ್ತೀನಿ," ಎಂದು ಮೇಷ್ಟ್ರು ತಡೆದರು. ಕನ್ನಡಕ ಸರಿಮಾಡಿಕೊಂಡು ನೀವೆಸ್‌ಳ ಬೆರಳುಗಳನ್ನೇ ನೋಡುತ್ತಾ, ಅಕ್ಷರ ಕೂಡಿಸುವ ಮಗುವಿನಂತೆ ಇಡೀ ತರಗತಿಗೆ ಕೇಳಿಸುವ ಹಾಗೆ ಜೋರಾಗಿ ಓದಿದರು:

"ಚಿಂತೆ... ಬೇಡ... ಮೇಷ್ಟ್ರೇ. ನಿಮಗೆ... ಕಲಿಯೋದು... ಸ್ವಲ್ಪ... ನಿಧಾನ. ಮುಂದಿನ... ಪರೀಕ್ಷೆಗೆ... ನಿಮಗೆ... ಅರ್ಧ ಗಂಟೆ... ಜಾಸ್ತಿ ಕೊಡಿಸೋಣ."